ಫೋಲ್ಡರಿಗೆ ಗೊತ್ತಿರುವುದನ್ನು ಪುಟವೂ ಹೇಳಲಿ

ಕನ್ನಡದಲ್ಲೇ ಬರೆದ, ಕನ್ನಡಿಗರಿಗೆಂದೇ ಹಾಕಿದ ಎಷ್ಟೋ ವೆಬ್ ಪುಟಗಳು ಕಂಪ್ಯೂಟರಿನ ಎದುರು ತಮ್ಮನ್ನು ಇಂಗ್ಲಿಷ್ ಪುಟಗಳೆಂದು ಪರಿಚಯಿಸಿಕೊಳ್ಳುತ್ತಿವೆ. ಪರದೆಯ ಮೇಲೆ ಇದು ಕಾಣುವುದಿಲ್ಲ. ಪುಟದ ಹಿಂದಿರುವ ಎಚ್‌ಟಿಎಂಎಲ್ ಬರಹದ ಮೊದಲ ಸಾಲುಗಳಲ್ಲಿ, ಬ್ರೌಸರ್ ಓದಿಕೊಳ್ಳುವ ಜಾಗದಲ್ಲಿ, ಭಾಷೆ ಇಂಗ್ಲಿಷ್ ಎಂದು ನಮೂದಾಗಿರುತ್ತದೆ. ಕೆಳಗೆ ನೋಡಿದರೆ ಇಂಗ್ಲಿಷಿನ ಒಂದು ವಾಕ್ಯವೂ ಇರುವುದಿಲ್ಲ. ಕಣ್ಣಿನಿಂದ ಓದುವವರು ಇದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಕಿವಿಯಿಂದ ಓದುವವರು ಅಲ್ಲೇ ತಡೆದು ನಿಲ್ಲಬೇಕಾಗುತ್ತದೆ.

ಧಾರವಾಡದಲ್ಲಿ ಶಾಲೆ, ಸಹಕಾರ ಸಂಘ, ವಾಚನಾಲಯ, ಸಣ್ಣ ಟ್ರಸ್ಟುಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಬೇರೆಯವರು ಕಟ್ಟಿದ ಹಳೆಯ ಸೈಟು ದುರಸ್ತಿಗೆ ಬಂದಾಗಲೆಲ್ಲ ನಾನು ಮೊದಲು ತೆರೆದು ನೋಡುವುದು ಈ ಮೇಲಿನ ಸಾಲುಗಳನ್ನೇ. ಇವನ್ನು ಸರಿಪಡಿಸಲು ಹೊಸ ತಂತ್ರಜ್ಞಾನವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಪುಟ ಯಾವ ಫೋಲ್ಡರಿನಲ್ಲಿದೆ ಎಂದು ಕೇಳಿ, ಅದಕ್ಕೆ ತಕ್ಕ ಹೆಡರ್ ಬರೆಯುವ ಒಂದು ಷರತ್ತು ಟೆಂಪ್ಲೇಟಿನಲ್ಲಿದ್ದರೆ ಸಾಕು. ಸಾರ್ವಜನಿಕರ ಹಣದಿಂದ ನಡೆಯುವ ಪ್ರತಿಯೊಂದು ಕನ್ನಡ ವೆಬ್‌ಸೈಟಿನಲ್ಲೂ ಆ ಷರತ್ತು ಕಡ್ಡಾಯವಾಗಿ ಇರಬೇಕು ಎಂಬುದು ನನ್ನ ವಾದ.

ಒಂದೇ ಹೆಡರ್ ಯಾಕೆ ಬಂತು

ವೆಬ್‌ಸೈಟ್ ಕೆಲಸದಲ್ಲಿ ಹೆಡರ್ ಎಂದು ಎರಡು ಸಂಗತಿಗಳಿಗೆ ಹೇಳುತ್ತೇವೆ. ಒಂದು ಕಣ್ಣಿಗೆ ಕಾಣುವುದು: ಸಂಸ್ಥೆಯ ಹೆಸರು, ಲಾಂಛನ, ಮೆನು, ಮೇಲಿನ ಪಟ್ಟಿ. ಇನ್ನೊಂದು ಕಾಣದಿರುವುದು: ಪುಟದ ಶೀರ್ಷಿಕೆ, ಅಕ್ಷರಗಳನ್ನು ಯುನಿಕೋಡಿನಂತೆ ಓದಬೇಕೆಂಬ ಸೂಚನೆ, ಯಾವ ಫಾಂಟ್ ತರಬೇಕೆಂಬ ಮಾತು, ಪುಟದ ಭಾಷೆ. ಸಾಮಾನ್ಯವಾಗಿ ಇವೆರಡೂ ಒಂದೇ ಫೈಲಿನಲ್ಲಿ ಇರುತ್ತವೆ. ಆ ಫೈಲನ್ನು ಸೈಟಿನ ಎಲ್ಲ ಪುಟಗಳಿಗೂ ಜೋಡಿಸಲಾಗುತ್ತದೆ.

ಹೀಗೆ ಜೋಡಿಸುವುದರ ಹಿಂದೆ ಒಳ್ಳೆಯ ಕಾರಣವಿದೆ. ನೂರು ಪುಟದ ಸೈಟಿನಲ್ಲಿ ಇಷ್ಟೆಲ್ಲವನ್ನೂ ನೂರು ಸಲ ಬರೆದಿಟ್ಟರೆ, ಕಚೇರಿಯ ಫೋನ್ ನಂಬರ್ ಬದಲಾದ ದಿನ ನೂರು ಫೈಲು ತಿದ್ದಬೇಕು. 1990ರ ದಶಕದ ಸರ್ವರುಗಳಲ್ಲೇ ಒಂದು ಫೈಲಿನೊಳಗೆ ಇನ್ನೊಂದನ್ನು ಸೇರಿಸುವ ಸೌಲಭ್ಯ ಬಂತು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಹೆಡರಿಗೆಂದೇ ಒಂದು ಪ್ರತ್ಯೇಕ ಫೈಲು ಇಟ್ಟಿತು. 2008ರಲ್ಲಿ ಟಾಮ್ ಪ್ರೆಸ್ಟನ್ ವರ್ನರ್ ಜೆಕಿಲ್ ಬರೆದರು. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಹ್ಯೂಗೊ ಬರೆದರು. ಇವೆರಡೂ ಬರಹವಿರುವ ಫೋಲ್ಡರುಗಳನ್ನು ಓದಿ, ಟೆಂಪ್ಲೇಟಿನೊಂದಿಗೆ ಸೇರಿಸಿ, ಇಡೀ ಸೈಟನ್ನು ಸಿದ್ಧ ಪುಟಗಳಾಗಿ ಕೊಡುವ ಸಾಧನಗಳು. ಡೇಟಾಬೇಸ್ ಬೇಕಿಲ್ಲ, ನಿರ್ವಹಣೆಯ ಖರ್ಚು ಕಡಿಮೆ. ನನ್ನಂಥವರು ಸಣ್ಣ ಸಂಸ್ಥೆಗಳಿಗೆ ಇವನ್ನೇ ಹೆಚ್ಚು ಬಳಸುತ್ತೇವೆ.

ಹೆಡರ್ ಒಂದೇ ಆದ ಮೇಲೆ ಅದರಲ್ಲಿ ಬರೆದ ಮಾತು ಎಲ್ಲ ಪುಟಗಳ ಮಾತಾಗುತ್ತದೆ. ಸಂಸ್ಥೆಯ ಹೆಸರಿನ ಮಟ್ಟಿಗೆ ಇದು ಸರಿ. ಭಾಷೆಯ ಮಟ್ಟಿಗೆ, ಎರಡು ಭಾಷೆಗಳಲ್ಲಿ ನಡೆಯುವ ನಮ್ಮ ಸೈಟುಗಳಲ್ಲಿ, ಇದು ಅರ್ಧ ಪುಟಗಳ ಬಗ್ಗೆ ಸುಳ್ಳು.

ಆ ಸುಳ್ಳು ಯಾರೋ ಬೇಕೆಂದು ಬರೆದದ್ದಲ್ಲ, ಸಾಧನಗಳಿಂದ ತಾನಾಗಿ ಬಂದು ಕೂರುತ್ತದೆ. ಇಂದು ಬಹಳ ಮಂದಿ ಬಳಸುವ ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ಖಾಲಿ ಎಚ್‌ಟಿಎಂಎಲ್ ಫೈಲು ತೆರೆದು, ಒಂದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಟ್ಯಾಬ್ ಒತ್ತಿದರೆ ಪುಟದ ಅಸ್ಥಿಪಂಜರ ತಾನೇ ಮೂಡುತ್ತದೆ. ಅದರೊಳಗಿನ ಎಮೆಟ್ ಎಂಬ ಅನುಕೂಲ ಮಾಡುವ ಕೆಲಸ ಇದು. ಆ ಅಸ್ಥಿಪಂಜರದಲ್ಲಿ ಭಾಷೆಯ ಜಾಗದಲ್ಲಿ ಮೊದಲೇ ಇಂಗ್ಲಿಷಿನ ಸಂಕೇತ ತುಂಬಿರುತ್ತದೆ. ವರ್ಡ್‌ಪ್ರೆಸ್‌ನಲ್ಲಾದರೆ ಥೀಮುಗಳು ಭಾಷೆಯನ್ನು ಸೈಟಿನ ಸೆಟ್ಟಿಂಗಿನಿಂದ ತೆಗೆದುಕೊಳ್ಳುತ್ತವೆ. ಸ್ಥಾಪಿಸುವಾಗ ಯಾರೂ ಮುಟ್ಟದಿದ್ದರೆ ಅದು ಅಮೆರಿಕನ್ ಇಂಗ್ಲಿಷ್. ನಿರ್ವಾಹಕರು ಡ್ಯಾಶ್‌ಬೋರ್ಡ್ ಇಂಗ್ಲಿಷಿನಲ್ಲೇ ಇರಲಿ ಎಂದು ಆ ಸೆಟ್ಟಿಂಗನ್ನು ಹಾಗೇ ಬಿಡುತ್ತಾರೆ. ಆಮೇಲೆ ಎಷ್ಟೇ ಕನ್ನಡ ಪುಟ ಸೇರಿಸಿದರೂ ಪ್ರತಿಯೊಂದರ ನೆತ್ತಿಯ ಮೇಲೂ ಅದೇ ಮುದ್ರೆ ಬೀಳುತ್ತದೆ. ಗದಗಕ್ಕೆ ಹೊರಟ ಬಸ್ಸಿಗೆ ಬೆಳಗಾವಿಯ ಬೋರ್ಡು ಹಾಕಿದ ಹಾಗೆ: ಗುರುತಿದ್ದವರು ಹತ್ತುತ್ತಾರೆ, ಬೋರ್ಡನ್ನೇ ನಂಬಿದವರು ನಿಲ್ದಾಣದಲ್ಲಿ ಉಳಿಯುತ್ತಾರೆ.

ಬೋರ್ಡನ್ನು ನಂಬುವವರು ಯಾರು

ನಮ್ಮ ಕಚೇರಿಯಲ್ಲಿ ದೃಷ್ಟಿಯಿಲ್ಲದ ಒಬ್ಬ ಹುಡುಗ ಕೆಲಸ ಮಾಡುತ್ತಾನೆ. ನಾವು ಕಟ್ಟಿದ ಪ್ರತಿ ಸೈಟನ್ನೂ ಸಂಸ್ಥೆಗೆ ಒಪ್ಪಿಸುವ ಮೊದಲು ಅವನು ಕೇಳಿ ನೋಡುತ್ತಾನೆ. ಅವನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ, ಇವತ್ತಿಗೂ ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್ ಅದು. ಸ್ವತಃ ಕರನ್ ಅವರಿಗೂ ದೃಷ್ಟಿಯಿಲ್ಲ. ಜೊತೆಗೆ ಬರುವ ಇ-ಸ್ಪೀಕ್ ಎಂಬ ಮಾತಿನ ಯಂತ್ರಕ್ಕೆ ಕನ್ನಡ ಗೊತ್ತು. ಗೊತ್ತಿದ್ದರೂ, ಕನ್ನಡದ ಧ್ವನಿಗೆ ಯಾವಾಗ ಹೊರಳಬೇಕು ಎಂಬುದನ್ನು ಎನ್‌ವಿಡಿಎ ಪುಟದ ಭಾಷೆಯ ಸಾಲನ್ನು ನೋಡಿ ತೀರ್ಮಾನಿಸುತ್ತದೆ. ಅಲ್ಲಿ ಇಂಗ್ಲಿಷ್ ಎಂದಿದ್ದರೆ ಇಂಗ್ಲಿಷ್ ಧ್ವನಿಯೇ ಓದಲು ಕೂರುತ್ತದೆ. ಆ ಧ್ವನಿಗೆ ಕನ್ನಡದ ಅಕ್ಷರ ಬಾರದಿದ್ದರೆ ಅಕ್ಷರಗಳನ್ನೆಲ್ಲ ನುಂಗಿ ಅಂಕಿಗಳನ್ನು ಮಾತ್ರ ಹೇಳುವುದುಂಟು.

ಒಮ್ಮೆ ವಿದ್ಯಾರ್ಥಿವೇತನದ ಪ್ರಕಟಣೆಯೊಂದನ್ನು ಅವನು ತನಗಾಗಿ ತೆರೆದಿದ್ದ. ಯಾವ ಸಂಸ್ಥೆಯದ್ದೆಂದು ಹೇಳುವುದು ಇಲ್ಲಿ ಬೇಡ. ಸ್ವಲ್ಪ ಹೊತ್ತು ಕೇಳಿ, ಹೆಡ್‌ಫೋನ್ ತೆಗೆದು ನನ್ನನ್ನು ಕರೆದ. ‘ಅಕ್ಕಾರ, ಇದು ಬರೇ ಅಂಕಿ ಹೇಳಾಕತ್ತೈತ್ರಿ. ಫಿಫ್ಟೀನ್, ಥರ್ಟಿ ಅಂತ ಕೇಳಸ್ತೈತಿ. ಯಾತರ ಫಿಫ್ಟೀನ್, ಯಾತರ ಥರ್ಟಿ ಅಂತ ಗೊತ್ತಾಗವಲ್ದು.’ ಹದಿನೈದು ಅರ್ಜಿಯ ಕೊನೆಯ ದಿನವಾಗಿತ್ತು. ಮೂವತ್ತು ಗರಿಷ್ಠ ವಯಸ್ಸು. ನಾನು ಪಕ್ಕದಲ್ಲಿ ಕೂತು ಓದಿ ಹೇಳಿದೆ. ಹಾಗೆ ಓದಿ ಹೇಳುವವರು ಪಕ್ಕದಲ್ಲಿ ಇಲ್ಲದಾಗ ಏನು ಎಂಬ ಪ್ರಶ್ನೆಗೆ ಆ ವೆಬ್‌ಸೈಟಿನಲ್ಲಿ ಉತ್ತರವಿರಲಿಲ್ಲ. ಪ್ರಕಟಣೆಯ ಕನ್ನಡ ಚೆನ್ನಾಗಿಯೇ ಇತ್ತು. ಯುನಿಕೋಡಿನಲ್ಲಿತ್ತು. ಕೆಟ್ಟಿದ್ದುದು ಮೇಲಿನ ಎರಡಕ್ಷರದ ಸಂಕೇತ ಮಾತ್ರ.

ಸ್ಕ್ರೀನ್ ರೀಡರಿನಲ್ಲಿ ಭಾಷೆ ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ಕನ್ನಡದ ಧ್ವನಿಯನ್ನೇ ಕಾಯಂ ಮಾಡಿಕೊಳ್ಳಬಹುದು. ನಮ್ಮ ಹುಡುಗನಿಗೆ ಆ ದಾರಿ ಗೊತ್ತು. ಹಾಗೆ ಮಾಡಿದರೆ ಇಂಗ್ಲಿಷ್ ಪುಟಗಳನ್ನೂ ಕನ್ನಡದ ಧ್ವನಿಯಲ್ಲೇ ಕೇಳಬೇಕಾಗುತ್ತದೆ ಎಂಬುದೂ ಗೊತ್ತು. ಈಗಷ್ಟೇ ಕಂಪ್ಯೂಟರ್ ಕಲಿಯುತ್ತಿರುವ ವಿದ್ಯಾರ್ಥಿಗೆ ಇದ್ಯಾವುದೂ ತಿಳಿದಿರುವುದಿಲ್ಲ. ಕನ್ನಡದ ವೆಬ್‌ಸೈಟುಗಳು ತನಗಲ್ಲ ಎಂದು ತೀರ್ಮಾನಿಸಿ ಅವನು ಇಂಗ್ಲಿಷ್ ಪುಟಗಳಿಗೆ ಹೋಗಿಬಿಡುತ್ತಾನೆ, ಇಲ್ಲವೇ ಕಂಪ್ಯೂಟರನ್ನೇ ಮುಚ್ಚುತ್ತಾನೆ. ಹೀಗೆ ನಾವು ಕಳೆದುಕೊಳ್ಳುವ ಓದುಗರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕಣ್ಣಿನಿಂದ ಓದುವವರಿಗೂ ಸಣ್ಣ ನಷ್ಟವಿದೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ನಮ್ಮ ಉದ್ದುದ್ದ ಸಮಾಸಪದಗಳನ್ನು ಸಾಲಿನ ಕೊನೆಯಲ್ಲಿ ಸರಿಯಾದ ಜಾಗದಲ್ಲಿ ಮುರಿಯಬೇಕಾದರೆ ಬ್ರೌಸರಿಗೆ ಭಾಷೆ ಯಾವುದೆಂದು ಗೊತ್ತಿರಬೇಕು. ಇಂಗ್ಲಿಷ್ ಎಂದು ಹೇಳಿಸಿಕೊಂಡ ಬ್ರೌಸರು ಕನ್ನಡ ಪದವನ್ನು ಮುರಿಯುವ ನಿಯಮ ಹುಡುಕಲು ಹೋಗುವುದಿಲ್ಲ.

ಈ ಸಾಲು ಹೊಸ ಕಲ್ಪನೆಯಲ್ಲ. ಪುಟದ ಭಾಷೆಯನ್ನು ಹೇಳುವ ಏರ್ಪಾಡು ಎಚ್‌ಟಿಎಂಎಲ್‌ಗೆ ಬಂದದ್ದು 1997ರಲ್ಲಿ. ವೆಬ್ ಎಲ್ಲರಿಗೂ ಎಟುಕಬೇಕೆಂದು ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಎರಡನೇ ಮಾರ್ಗಸೂಚಿಯಲ್ಲಿ, ಪುಟದ ಭಾಷೆ ಯಂತ್ರಕ್ಕೆ ತಿಳಿಯುವಂತಿರಬೇಕು ಎಂಬುದು ಎ ದರ್ಜೆಯ ನಿಯಮ. ಅಂದರೆ ತೀರಾ ಕನಿಷ್ಠ ಮಟ್ಟದ್ದು. ಅದರಾಚೆಗೆ ಡಬಲ್ ಎ, ಟ್ರಿಪಲ್ ಎ ದರ್ಜೆಗಳಿವೆ. ನಾವು ಮೊದಲ ಮೆಟ್ಟಿಲಲ್ಲೇ ಎಡವುತ್ತಿದ್ದೇವೆ.

ಲಿಪಿ ನೋಡಿ ಊಹಿಸಲಾಗದು

ಇದನ್ನು ಹೇಳಿದಾಗಲೆಲ್ಲ ನನಗೆ ಎದುರಾಗುವ ಒಂದು ಉತ್ತರವಿದೆ: ‘ಈಗಿನ ಕಂಪ್ಯೂಟರುಗಳು ಜಾಣ ಇವೆ ಮೇಡಂ, ಅಕ್ಷರ ನೋಡಿ ಭಾಷೆ ತಿಳಕೊಳ್ತಾವೆ.’ ಕನ್ನಡದ ಅಕ್ಷರಗಳಿಗೆ ಯುನಿಕೋಡಿನಲ್ಲಿ ಪ್ರತ್ಯೇಕ ಜಾಗವಿದೆ ನಿಜ. ಆ ಅಕ್ಷರಗಳಲ್ಲಿ ಕನ್ನಡವನ್ನು ಮಾತ್ರ ಬರೆಯುತ್ತೇವೆ ಎಂಬುದು ನಿಜವಲ್ಲ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ ಇರುವುದು ಕನ್ನಡ ಲಿಪಿಯಲ್ಲಿ. ಮಂಗಳೂರಿನ ಕಡೆಯ ಕೊಂಕಣಿಗರು ತಲೆಮಾರುಗಳಿಂದ ಕನ್ನಡ ಲಿಪಿಯಲ್ಲಿ ಕೊಂಕಣಿ ಓದುತ್ತಿದ್ದಾರೆ. ಕೊಡವ ತಕ್ಕ್, ಬ್ಯಾರಿ ಭಾಷೆಗಳಲ್ಲೂ ಕನ್ನಡ ಲಿಪಿಯ ಬರವಣಿಗೆ ನಡೆದಿದೆ. ಬರೀ ಅಕ್ಷರ ನೋಡುವ ಯಂತ್ರ ಇವೆಲ್ಲವನ್ನೂ ಕನ್ನಡ ಎಂದುಬಿಡುತ್ತದೆ. ತುಳುವಿಗೆ ತನ್ನದೇ ಸಂಕೇತವಿದೆ, ಕೊಡವಕ್ಕೂ ಇದೆ, ಕೊಂಕಣಿಗೂ ಇದೆ. ಹೆಡರಿನಲ್ಲಿ ಅವನ್ನು ಬರೆದರೆ ಇವತ್ತಲ್ಲದಿದ್ದರೂ ನಾಳೆ ಆ ಭಾಷೆಗಳಿಗೆ ಧ್ವನಿ ಸಿದ್ಧವಾದಾಗ ಹಳೆಯ ಪುಟಗಳೂ ತಾವಾಗಿ ಸರಿಯಾಗಿ ಓದಿಸಿಕೊಳ್ಳುತ್ತವೆ. ಊಹೆಗೆ ಬಿಟ್ಟರೆ ಆ ಪುಟಗಳು ಶಾಶ್ವತವಾಗಿ ಕನ್ನಡದ ಲೆಕ್ಕಕ್ಕೆ ಸೇರಿಹೋಗುತ್ತವೆ. ಕನ್ನಡಕ್ಕೆ ಇಂಗ್ಲಿಷಿನ ಮುದ್ರೆ ಬಿದ್ದಾಗ ನೊಂದುಕೊಳ್ಳುವ ನಾವು, ತುಳುವಿಗೆ ಕನ್ನಡದ ಮುದ್ರೆ ಬೀಳದಂತೆಯೂ ನೋಡಿಕೊಳ್ಳಬೇಕು.

ಪುಟ ಬರೆದವರೇ ಭಾಷೆಯನ್ನೂ ನಮೂದಿಸಲಿ ಎಂಬುದು ಎರಡನೇ ಉತ್ತರ. ಪ್ರಕಟಣೆ ಏರಿಸುವವರು ಯಾರು? ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ, ಫೋನ್ ಎತ್ತುವ, ಮಧ್ಯೆ ಮಧ್ಯೆ ವೆಬ್‌ಸೈಟಿಗೆ ಪ್ರಕಟಣೆ ಹಾಕುವ ಗುಮಾಸ್ತರು. ಸಂಜೆ ಐದೂವರೆಗೆ ‘ಇವತ್ತೇ ಹಾಕ್ರಿ’ ಎಂದು ಮೇಲಿನವರು ಕೊಟ್ಟ ಕಾಗದವನ್ನು ಅವರು ಟೈಪು ಮಾಡಿ ಕನ್ನಡದ ಫೋಲ್ಡರಿಗೆ ಸೇರಿಸುತ್ತಾರೆ. ಕನ್ನಡದ ಫೋಲ್ಡರಿಗೆ ಸೇರಿಸಿದಾಗಲೇ ಅವರು ಭಾಷೆ ಯಾವುದೆಂದು ಹೇಳಿ ಆಯಿತು. ಅದೇ ಮಾತನ್ನು ಮತ್ತೊಮ್ಮೆ, ಯಂತ್ರದ ಸಂಕೇತದಲ್ಲಿ, ಪ್ರತಿ ಪುಟಕ್ಕೂ ಬರೆಯಬೇಕೆಂದು ಕೇಳುವುದು ಅನ್ಯಾಯ. ಫೋಲ್ಡರಿನಿಂದ ಆ ಮಾತನ್ನು ಎತ್ತಿಕೊಂಡು ಹೆಡರಿಗೆ ಮುಟ್ಟಿಸುವುದು ಟೆಂಪ್ಲೇಟ್ ಬರೆಯುವ ನಮ್ಮ ಕೆಲಸ.

ಷರತ್ತು ಎಲ್ಲಿರಬೇಕು

ಇದನ್ನು ಮಾಡುವ ಬಗೆ ಎರಡು. ಯಾವುದನ್ನು ಆರಿಸುತ್ತೇವೆ ಎಂಬುದರ ಮೇಲೆ ಸೈಟಿನ ಆಯುಷ್ಯ ನಿಂತಿದೆ.

ಮೊದಲನೆಯ ಬಗೆಯಲ್ಲಿ ಷರತ್ತುಗಳನ್ನೆಲ್ಲ ಹೆಡರ್ ಫೈಲಿನಲ್ಲೇ ಪೇರಿಸುತ್ತಾರೆ. ಫೋಲ್ಡರ್ ಕನ್ನಡದ್ದಾದರೆ ಹೀಗೆ, ಫಲಿತಾಂಶದ್ದಾದರೆ ಹಾಗೆ, ಟೆಂಡರಿನದಾದರೆ ಮತ್ತೊಂದು, ಇವು ಯಾವುವೂ ಅಲ್ಲದಿದ್ದರೆ ಇಂಗ್ಲಿಷ್. ಮೊದಲ ವರ್ಷ ಚೆನ್ನಾಗಿ ನಡೆಯುತ್ತದೆ. ನಮ್ಮ ಕೈಗೆ ದುರಸ್ತಿಗೆ ಬಂದ ಒಂದು ಶಿಕ್ಷಣ ಸಂಸ್ಥೆಯ ಸೈಟಿನಲ್ಲಿ ಹೀಗೇ ಮಾಡಲಾಗಿತ್ತು. ಪ್ರತಿ ವರ್ಷ ಹೊಸ ಫೋಲ್ಡರು, ಪ್ರತಿ ಫೋಲ್ಡರಿಗೂ ಒಂದು ಹೊಸ ಕವಲು. ಯಾರೋ ಒಬ್ಬರು ಕವಲು ಸೇರಿಸದೆ ಹೊಸ ಕನ್ನಡ ಫೋಲ್ಡರು ತೆರೆದಿದ್ದರು. ಆ ವರ್ಷದ ಕನ್ನಡ ಪುಟಗಳೆಲ್ಲ ಕೊನೆಯ ‘ಇಲ್ಲದಿದ್ದರೆ’ ಎಂಬ ಸಾಲಿಗೆ ಜಾರಿ ಇಂಗ್ಲಿಷಾಗಿದ್ದವು. ಇನ್ನೊಂದು ಕವಲಿನಲ್ಲಿ ವಿಳಾಸದಲ್ಲಿ ಎಲ್ಲಾದರೂ ಕನ್ನಡದ ಸಂಕೇತವಾದ ಕೆ, ಎನ್ ಎಂಬ ಎರಡು ಅಕ್ಷರ ಒಟ್ಟಿಗೆ ಇದ್ದರೆ ಕನ್ನಡ ಎಂದು ಬರೆದಿದ್ದರು. ಅದೇ ಸೈಟಿನಲ್ಲಿ ‘ನಾಲೆಡ್ಜ್’ ಎಂಬ ಇಂಗ್ಲಿಷ್ ಫೋಲ್ಡರ್ ಇತ್ತು. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಆ ಪದ ಶುರುವಾಗುವುದೇ ಆ ಎರಡು ಅಕ್ಷರಗಳಿಂದ. ಅದರಲ್ಲಿದ್ದ ಇಂಗ್ಲಿಷ್ ಲೇಖನಗಳನ್ನೆಲ್ಲ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಯಲ್ಲಿ ಓದುತ್ತಿತ್ತು.

ಎರಡನೆಯ ಬಗೆಯಲ್ಲಿ ಹೆಡರ್ ಒಂದೇ ಪ್ರಶ್ನೆ ಕೇಳುತ್ತದೆ: ಈ ಪುಟದ ಭಾಷೆ ಯಾವುದು? ಉತ್ತರವನ್ನು ಫೋಲ್ಡರಿನ ಕಡೆಯೇ ಇಡಲಾಗುತ್ತದೆ. ಜೆಕಿಲ್ ಜೊತೆ ಬರುವ ಮಿನಿಮಾ ಎಂಬ ಸಾಮಾನ್ಯ ಥೀಮಿನಲ್ಲಿ ಈ ಪ್ರಶ್ನೆಯನ್ನು ಬಹಳ ಚೆನ್ನಾಗಿ ಜೋಡಿಸಿದ್ದಾರೆ. ಪುಟವೇ ತನ್ನ ಭಾಷೆ ಹೇಳಿದ್ದರೆ ಅದು. ಹೇಳಿರದಿದ್ದರೆ ಸೈಟಿನ ಭಾಷೆ. ಅದೂ ಇಲ್ಲದಿದ್ದರೆ ಇಂಗ್ಲಿಷ್. ಪ್ರತಿ ಪುಟದಲ್ಲೂ ಭಾಷೆ ಬರೆಯುವ ತೊಂದರೆ ತಪ್ಪಿಸಲು ಜೆಕಿಲ್‌ನ ಸಂರಚನಾ ಫೈಲಿನಲ್ಲಿ, ಇಂಥ ಫೋಲ್ಡರಿನ ಕೆಳಗಿರುವ ಎಲ್ಲ ಪುಟಗಳ ಭಾಷೆ ಕನ್ನಡ ಎಂದು ಒಮ್ಮೆ ಬರೆದಿಟ್ಟರಾಯಿತು. ಐದಾರು ಸಾಲಿನ ಕೆಲಸ. ಆ ಫೋಲ್ಡರಿನೊಳಗೆ ತುಳುವಿನ ಉಪಫೋಲ್ಡರ್ ಇದ್ದರೆ ಅದಕ್ಕೆ ಬೇರೆ ಸಾಲು ಬರೆಯಬಹುದು. ಹೆಚ್ಚು ಒಳಗಿನದರ ಮಾತೇ ನಡೆಯುತ್ತದೆ. ಒಂದು ಪುಟ ಮಾತ್ರ ಬೇರೆ ಭಾಷೆಯದಾದರೆ ಆ ಪುಟ ತನ್ನ ಮಾತನ್ನು ತಾನೇ ಹೇಳಬಹುದು. ಅದು ಎಲ್ಲಕ್ಕಿಂತ ಮೇಲು. ಹ್ಯೂಗೊದಲ್ಲಿ ಫೋಲ್ಡರಿನ ಮುಖಪುಟದಲ್ಲಿ ಬರೆದದ್ದನ್ನು ಅದರ ಕೆಳಗಿನ ಎಲ್ಲ ಪುಟಗಳಿಗೂ ಇಳಿಸುವ ಸೌಲಭ್ಯವಿದೆ. ಇಲೆವೆಂಟಿ ಎಂಬ ಇನ್ನೊಂದು ಸಾಧನದಲ್ಲಿ ಫೋಲ್ಡರಿನ ಹೆಸರಿನದೇ ಒಂದು ಪುಟ್ಟ ಫೈಲನ್ನು ಅದರೊಳಗೆ ಇಟ್ಟರೆ ಸಾಕು, ಅಲ್ಲಿನ ಪುಟಗಳೆಲ್ಲ ಅದನ್ನು ಅನುಸರಿಸುತ್ತವೆ.

ನಾನು ಎರಡನೆಯದರ ಪರ. ಹೊಸ ಫೋಲ್ಡರು ತೆರೆಯುವವರಿಗೆ ಹೆಡರ್ ಫೈಲಿನ ಒಳಗೆ ಏನಿದೆ ಎಂದು ತಿಳಿದಿರಬೇಕಾಗಿಲ್ಲ. ಕನ್ನಡದ ಫೋಲ್ಡರಿನ ಒಳಗೆ ತೆರೆದರೆ ಕನ್ನಡ ತಾನಾಗಿ ಬರುತ್ತದೆ. ಕಟ್ಟಿದವರು ಬಿಟ್ಟುಹೋದ ಮೇಲೂ, ಗುತ್ತಿಗೆ ಮುಗಿದು ಹೊಸ ಕಂಪನಿ ಬಂದ ಮೇಲೂ ಸೈಟು ಸರಿಯಾಗಿಯೇ ಮಾತಾಡುತ್ತಿರುತ್ತದೆ. ಜೊತೆಗೆ ಇನ್ನೊಂದು ಮಾತು: ಕರ್ನಾಟಕದ ಸೈಟಿನಲ್ಲಿ ಆ ಕೊನೆಯ ‘ಇಲ್ಲದಿದ್ದರೆ’ ಕನ್ನಡವಾಗಿರಲಿ. ಇಂಗ್ಲಿಷ್ ಪುಟಗಳು ತಮ್ಮ ಫೋಲ್ಡರಿನಲ್ಲಿ ತಾವು ಇಂಗ್ಲಿಷ್ ಎಂದು ಹೇಳಿಕೊಳ್ಳಲಿ. 1963ರಿಂದ ಕನ್ನಡವೇ ರಾಜ್ಯದ ಅಧಿಕೃತ ಭಾಷೆ. ಟೆಂಪ್ಲೇಟಿನ ಕೊನೆಯ ಸಾಲಿಗೂ ಅದು ಅನ್ವಯವಾಗಬೇಕು.

ಹಳೆಯ ಆದೇಶಕ್ಕೆ ಹಳೆಯದೆಂಬ ಪಟ್ಟಿ

ಭಾಷೆಯ ಜೊತೆಗೆ ಫೋಲ್ಡರಿಗೆ ಇನ್ನೊಂದು ದೊಡ್ಡ ಸಂಗತಿ ಗೊತ್ತಿರುತ್ತದೆ: ಪುಟದ ವಯಸ್ಸು. ನಮ್ಮ ಬಹಳಷ್ಟು ಕಚೇರಿಗಳ ಸೈಟಿನಲ್ಲಿ ಸುತ್ತೋಲೆ, ಆದೇಶಗಳನ್ನು ವರ್ಷವಾರು ಫೋಲ್ಡರುಗಳಲ್ಲಿ ಇಡುತ್ತಾರೆ. ಒಳ್ಳೆಯ ಪದ್ಧತಿ. ಜನ ಮಾತ್ರ ಮುಖಪುಟದಿಂದ ಮೆಟ್ಟಿಲಿಳಿದು ಆ ಫೋಲ್ಡರಿಗೆ ಬರುವುದಿಲ್ಲ. ಗೂಗಲ್‌ನಲ್ಲಿ ಹುಡುಕಿ, ಇಲ್ಲವೇ ಯಾರೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಲಿಂಕ್ ಒತ್ತಿ, ನೇರವಾಗಿ ಆ ಪುಟಕ್ಕೆ ಬಂದಿಳಿಯುತ್ತಾರೆ. ಅದು ಮೂರು ವರ್ಷದ ಹಿಂದಿನದೆಂದು ಅವರಿಗೆ ಗೊತ್ತಾಗುವುದು ಹೇಗೆ?

ನಮ್ಮ ಬೀದಿಯ ಕೊನೆಯಲ್ಲಿರುವ ಜೆರಾಕ್ಸ್ ಅಂಗಡಿಯಲ್ಲಿ ಹಿರಿಯ ರೈತರೊಬ್ಬರು ಸಹಾಯಧನದ ಪ್ರಕಟಣೆಯ ಪ್ರಿಂಟು ಹಿಡಿದು ನಿಂತಿದ್ದರು. ಅದರಲ್ಲಿ ಹೇಳಿದ ದಾಖಲೆಗಳನ್ನೆಲ್ಲ ಹೊಂದಿಸಿ ಕಚೇರಿಗೆ ಹೋಗಿದ್ದರಂತೆ. ‘ಇದು ಹೋದ ಸಲದ್ದು, ಈಗ ನಿಯಮ ಬದಲಾಗ್ಯಾವ’ ಎಂದು ಅಲ್ಲಿ ಹೇಳಿ ಕಳಿಸಿದ್ದಾರೆ. ಪ್ರಿಂಟಿನಲ್ಲಿ ವರ್ಷವಿತ್ತು, ಕೆಳಗಿನ ಮೂಲೆಯಲ್ಲಿ, ಸಹಿಯ ಪಕ್ಕದಲ್ಲಿ. ‘ನಾ ಅಷ್ಟು ತಳಕ್ಕ ನೋಡಲಿಲ್ಲವಾ ತಂಗಿ’ ಎಂದರು. ತಳದ ತನಕ ನೋಡುವ ಹೊಣೆ ಅವರದಲ್ಲ. ಆ ಪುಟ ಇದ್ದ ಫೋಲ್ಡರಿನ ಹೆಸರೇ ಒಂದು ಹಳೆಯ ವರ್ಷ. ಈ ವರ್ಷದ್ದಲ್ಲದ ಫೋಲ್ಡರಿನ ಪ್ರತಿ ಪುಟದ ನೆತ್ತಿಯ ಮೇಲೂ ‘ಇದು ಹಳೆಯ ಪ್ರಕಟಣೆ, ಈಗಿನ ನಿಯಮಗಳಿಗೆ ಇಲ್ಲಿ ನೋಡಿ’ ಎಂಬ ಹಳದಿ ಪಟ್ಟಿಯನ್ನು ಹೆಡರ್ ತಾನೇ ಹಾಕಬಹುದಿತ್ತು.

ಬೇರೆಡೆ ಇದನ್ನು ಮಾಡಿ ತೋರಿಸಿದ್ದಾರೆ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಹಿಂದಿನ ಸರ್ಕಾರದ ಕಾಲದ ನೀತಿಪತ್ರ ತೆರೆದರೆ, ಇದು ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಸರ್ಕಾರದ ಅವಧಿಯಲ್ಲಿ ಪ್ರಕಟವಾದದ್ದು ಎಂಬ ಪಟ್ಟಿ ಪುಟದ ಮೇಲ್ಭಾಗದಲ್ಲಿ ಕಾಣುತ್ತದೆ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಪೈಥಾನ್ ಭಾಷೆಯ ಅಧಿಕೃತ ಕೈಪಿಡಿಯನ್ನು ನೋಡಿ. ಅಲ್ಲಿ ಪ್ರತಿ ಆವೃತ್ತಿಗೂ ಒಂದು ಫೋಲ್ಡರ್. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಆ ಹಳೆಯ ಫೋಲ್ಡರಿನ ಪುಟಕ್ಕೆ ಹುಡುಕುತ್ತ ಬಂದವರಿಗೆ, ಈ ಆವೃತ್ತಿಗೆ ಈಗ ಬೆಂಬಲವಿಲ್ಲ, ಹೊಸದಕ್ಕೆ ಬನ್ನಿ ಎಂಬ ಎಚ್ಚರಿಕೆ ಮೇಲೆಯೇ ಸಿಗುತ್ತದೆ. ಹಳೆಯ ಪುಟಗಳನ್ನು ಅಳಿಸಿಲ್ಲ, ಅವನ್ನು ಬಳಸುವ ಹಳೆಯ ಪ್ರೋಗ್ರಾಮುಗಳು ಇನ್ನೂ ಇವೆ. ನಮ್ಮ ಹಳೆಯ ಆದೇಶಗಳನ್ನೂ ಅಳಿಸಬಾರದು. ಮಾಹಿತಿ ಹಕ್ಕಿನ ಅರ್ಜಿಗೆ, ನ್ಯಾಯಾಲಯದ ವ್ಯಾಜ್ಯಕ್ಕೆ, ಸಂಶೋಧನೆಗೆ ಅವು ಬೇಕು. ಅವು ಹಳೆಯವೆಂದು ಹೇಳಿಕೊಂಡು ಉಳಿಯಲಿ ಎಂಬುದಷ್ಟೇ ನನ್ನ ಬೇಡಿಕೆ.

ಇಲ್ಲೊಂದು ಎಚ್ಚರಿಕೆ ಬೇಕು. ವರ್ಷ ಹಳೆಯದಾದ ಮಾತ್ರಕ್ಕೆ ಆದೇಶ ರದ್ದಾಗಿರುವುದಿಲ್ಲ. ಹತ್ತು ವರ್ಷದ ಹಿಂದಿನ ನಿಯಮ ಇಂದಿಗೂ ಜಾರಿಯಲ್ಲಿರಬಹುದು. ಹಾಗಾಗಿ ಪಟ್ಟಿಯ ಮಾತು ಅಳತೆ ಮೀರಬಾರದು. ‘ಈ ಪ್ರಕಟಣೆ ಇಂಥ ವರ್ಷದ್ದು, ಜಾರಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ’ ಎಂದರೆ ಸಾಕು. ಇನ್ನೂ ಜಾರಿಯಲ್ಲಿರುವ ಆದೇಶಕ್ಕೆ, ಆ ಒಂದು ಪುಟದಲ್ಲೇ ಹಾಗೆಂದು ಬರೆದು, ಪಟ್ಟಿಯನ್ನು ತೆಗೆಯಬಹುದು. ಫೋಲ್ಡರಿನ ಮಾತಿಗಿಂತ ಪುಟದ ಸ್ವಂತ ಮಾತು ಮೇಲು ಎಂಬ ನಿಯಮ ಇಲ್ಲೂ ಕೆಲಸಕ್ಕೆ ಬರುತ್ತದೆ.

ಕಾಗದದಲ್ಲಿ ಇರುವುದು, ಪುಟದಲ್ಲಿ ಇಲ್ಲದ್ದು

ಕಾನೂನಿನ ಬಲ ನಮಗೆ ಈಗಾಗಲೇ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಸರ್ಕಾರಿ ವೆಬ್‌ಸೈಟುಗಳಿಗೆ ಕೇಂದ್ರದ ಮಾರ್ಗಸೂಚಿ 2009ರಿಂದಲೂ ಇದೆ, ಅದರ ಮೂರನೇ ಆವೃತ್ತಿ 2023ರಲ್ಲಿ ಪ್ರಕಟವಾಯಿತು. ಅಂತರರಾಷ್ಟ್ರೀಯ ನಿಯಮದ ಡಬಲ್ ಎ ದರ್ಜೆಯನ್ನು ಮುಟ್ಟಬೇಕೆಂದು ಅದು ಹೇಳುತ್ತದೆ. 2024ರ ನವೆಂಬರಿನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸುಗಮ್ಯತೆಯ ಕನಿಷ್ಠ ಮಾನದಂಡಗಳು ಕಡ್ಡಾಯವಾಗಿರಬೇಕು, ಬರೀ ಸಲಹೆಯಾಗಿ ಉಳಿಯಬಾರದು ಎಂದು ಹೇಳಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಎಂದಿತು.

ಇಷ್ಟಿದ್ದೂ ಕೆಲಸವಾಗದಿರುವುದಕ್ಕೆ ಕಾರಣ, ಟೆಂಡರಿನ ಭಾಷೆ. ‘ಸೈಟು ಮಾರ್ಗಸೂಚಿಗೆ ಅನುಗುಣವಾಗಿರತಕ್ಕದ್ದು’ ಎಂಬ ಒಂದು ವಾಕ್ಯ ಅದರಲ್ಲಿರುತ್ತದೆ. ಒಪ್ಪಿಸುವಾಗ ಮುಖಪುಟವನ್ನು ಪರೀಕ್ಷಿಸುತ್ತಾರೆ. ಮುಖಪುಟ ಪಾಸಾಗುತ್ತದೆ. ಅದರ ಕೆಳಗಿನ ಫೋಲ್ಡರುಗಳನ್ನು, ಅದರಲ್ಲೂ ಆರು ತಿಂಗಳ ನಂತರ ಹುಟ್ಟಲಿರುವ ಫೋಲ್ಡರುಗಳನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಸ್ಪಷ್ಟವಾಗಿವೆ. ರಾಜ್ಯದ ಇಲಾಖೆ, ನಿಗಮ, ವಿಶ್ವವಿದ್ಯಾಲಯಗಳ ವೆಬ್‌ಸೈಟ್ ಟೆಂಡರಿನಲ್ಲಿ ಮೂರು ಷರತ್ತುಗಳನ್ನು ಬಿಡಿಸಿ ಬರೆಯಲಿ. ಒಂದು, ಪುಟದ ಭಾಷೆ, ಶೀರ್ಷಿಕೆ ಹಾಗೂ ಮೇಲಿನ ಪಟ್ಟಿ ಫೋಲ್ಡರಿಗೆ ತಕ್ಕಂತೆ ತಾನಾಗಿ ಬರಬೇಕು. ಎರಡು, ಏನೂ ಹೇಳದ ಪುಟದ ಭಾಷೆ ಕನ್ನಡ ಎಂದೇ ಇರಬೇಕು. ಮೂರು, ಒಪ್ಪಿಸುವ ದಿನ ಅಧಿಕಾರಿಗಳ ಎದುರಿನಲ್ಲಿ ಹೊಸ ಫೋಲ್ಡರೊಂದನ್ನು ತೆರೆದು, ಅದರಲ್ಲಿ ಒಂದು ಪುಟ ಹಾಕಿ, ಸ್ಕ್ರೀನ್ ರೀಡರಿನಲ್ಲಿ ಓದಿಸಿ ತೋರಿಸಬೇಕು. ಓದಿಸಿ ಕೇಳುವವರಲ್ಲಿ ದೃಷ್ಟಿಯಿಲ್ಲದವರು ಒಬ್ಬರಾದರೂ ಇರಬೇಕು. ಇಷ್ಟಕ್ಕೆ ಯಾವ ಕಂಪನಿಯೂ ಹೆಚ್ಚಿನ ಹಣ ಕೇಳುವ ಹಾಗಿಲ್ಲ. ಕೇಳಿದರೆ ಅವರಿಗೆ ಕೆಲಸ ಗೊತ್ತಿಲ್ಲ ಎಂದು ತಿಳಿಯಬೇಕು.

ಕಾಲೇಜಿನ ಮೇಷ್ಟ್ರುಗಳಿಗೂ ಒಂದು ವಿನಂತಿ. ವೆಬ್ ವಿನ್ಯಾಸ ಕಲಿಸುವಾಗ ಎಡಿಟರ್ ಹಾಕಿಕೊಟ್ಟ ಅಸ್ಥಿಪಂಜರವನ್ನು ಹಾಗೇ ಉಳಿಸಿಕೊಳ್ಳಲು ಬಿಡಬೇಡಿ. ಮೊದಲ ತರಗತಿಯಲ್ಲೇ ವಿದ್ಯಾರ್ಥಿ ಆ ಎರಡಕ್ಷರವನ್ನು ಅಳಿಸಿ, ತಾನು ಬರೆಯುತ್ತಿರುವ ಭಾಷೆಯ ಸಂಕೇತ ಬರೆಯಲಿ. ಆ ಅಭ್ಯಾಸ ಅವರ ಜೊತೆ ಅವರು ಕಟ್ಟುವ ಪ್ರತಿ ಸೈಟಿಗೂ ಹೋಗುತ್ತದೆ.

ಓದುಗರಾದ ನೀವೂ ಇದನ್ನು ಪರೀಕ್ಷಿಸಬಹುದು. ಕಂಪ್ಯೂಟರಿನಲ್ಲಿ ನಿಮ್ಮ ಊರಿನ ಶಾಲೆಯದೋ ಕಚೇರಿಯದೋ ಕನ್ನಡ ಪುಟ ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ. ಪುಟದ ಹಿಂದಿನ ಬರಹ ಕಾಣುತ್ತದೆ. ಮೊದಲ ಕೆಲವು ಸಾಲುಗಳಲ್ಲೇ ಭಾಷೆಯ ಜಾಗವಿದೆ. ಅಲ್ಲಿ ಇಂಗ್ಲಿಷಿನ ಕೆ, ಎನ್ ಅಕ್ಷರಗಳಿದ್ದರೆ ಆ ಸೈಟು ಕಟ್ಟಿದವರಿಗೆ ಒಂದು ಮೆಚ್ಚುಗೆಯ ಮಾತು ಬರೆಯಿರಿ. ಇ, ಎನ್ ಇದ್ದರೆ ಆ ಪುಟದ ವಿಳಾಸವನ್ನು ನಮೂದಿಸಿ ದೂರು ಕೊಡಿ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಪ್ರತಿ ಸರ್ಕಾರಿ ಸೈಟಿಗೂ ಒಬ್ಬರು ವೆಬ್ ಮಾಹಿತಿ ವ್ಯವಸ್ಥಾಪಕರು ಇರಬೇಕು, ದೂರು ಸೇರಬೇಕಾದುದು ಅವರಿಗೆ. ಅದರಲ್ಲಿ ಒಂದು ಪುಟ ಸರಿಮಾಡಿ ಎಂದು ಕೇಳಬೇಡಿ. ಇಡೀ ಕನ್ನಡ ಫೋಲ್ಡರಿಗೆ ಒಮ್ಮೆಲೇ ಅನ್ವಯವಾಗುವಂತೆ ಹೆಡರ್ ಸರಿಪಡಿಸಿ ಎಂದು ಕೇಳಿ. ಅದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಎಂದು, ಇದೇ ಕಸುಬು ಮಾಡುವವಳಾಗಿ ನಾನು ಭರವಸೆ ಕೊಡುತ್ತೇನೆ.